ಪಕ್ಕದ ಮನೆಯ ಸ್ವರ

ಅಕ್ಕನ ದನಿ ಮತ್ತೆ ಅದೇ ಜಾಗದಲ್ಲಿ ಒಡೆಯಿತು. ನಿಧಾನದ ಹಾಡು ಅದು. ಬಹಳ ಹೊತ್ತು ನೆಲದ ಮೇಲೇ ನಡೆದು, ಕೊನೆಯ ಸಾಲಿನಲ್ಲಿ ಒಮ್ಮೆ ಮೇಲಕ್ಕೆ ಹೋಗಿ, ಅಲ್ಲಿ ಸ್ವಲ್ಪ ನಿಂತು, ಇಳಿದು ಮುಗಿಯುತ್ತದೆ. ಮೇಲಕ್ಕೆ ಹೋಗುವ ಹೊತ್ತಿಗೆ ಅವಳ ಗಂಟಲಿನಿಂದ ಹಾಡಿನ ಬದಲು ಬಟ್ಟೆ ಹರಿದಂಥ ಸದ್ದು ಬಂತು.

"ಸಾಕು ಬಿಡೋ," ಎಂದಳು. "ಇನ್ನೂ ಎಷ್ಟು ಸಲ ಎಡವಿ ಬೀಳಲಿ?"

ತಮ್ಮ ತಂತಿಗಳ ಮೇಲೆ ಅಂಗೈ ಇಟ್ಟು ಗಿಟಾರಿನ ಬಾಯಿ ಮುಚ್ಚಿಸಿದ. ಸೋಮವಾರ, ಅಂಗಡಿಗೆ ವಾರದ ರಜೆಯ ದಿನ. ಅವನ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಇಬ್ಬರೂ ಕೂತಿದ್ದರು. ಗಾಜು ಉಜ್ಜುವ ಯಂತ್ರಕ್ಕೆ ಬಟ್ಟೆ ಹೊದಿಸಿತ್ತು. ಎದುರು ಗೋಡೆಯಲ್ಲಿ ಕಣ್ಣು ಪರೀಕ್ಷೆಯ ಅಕ್ಷರಗಳು ದೊಡ್ಡದರಿಂದ ಸಣ್ಣದಕ್ಕೆ ಇಳಿಯುತ್ತ ಹೋಗಿದ್ದವು. ಅಕ್ಕ ಅವುಗಳ ಕಡೆಗೇ ನೋಡುತ್ತ ನೀರು ಕುಡಿದಳು. ಅವಳ ಕತ್ತಿನ ಬುಡದಲ್ಲಿ ಆಪರೇಷನ್ನಿನ ಗೆರೆ ಇನ್ನೂ ಕೆಂಪಗಿತ್ತು.

ಗಂಟಲಿನಲ್ಲಿ ಬೆಳೆದಿದ್ದ ಗಂಟನ್ನು ತೆಗೆದ ಡಾಕ್ಟರು ಒಳ್ಳೆಯವರೇ. ಮಾತಿಗೆ ಏನೂ ತೊಂದರೆಯಿಲ್ಲ ಎಂದಿದ್ದರು. ಹಾಡಿನ ವಿಷಯ ಕೇಳಿದಾಗ ಮಾತ್ರ ಕಿಟಕಿಯ ಕಡೆ ನೋಡಿದ್ದರು. ಅವರು ಹೇಳಿದಂತೆ ಮಾತು ಬಂತು, ಆದರೆ ಒಂದು ಮಹಡಿ ಕೆಳಗಿಳಿದು ಬಂತು. ಅಕ್ಕನ ಕೆಲಸ ವಿದ್ಯುತ್ ಕಚೇರಿಯಲ್ಲಿ, ದೂರು ಕೇಳುವ ಫೋನಿನ ಮುಂದೆ. ಈಗ ಫೋನು ಮಾಡಿದವರೆಲ್ಲ "ಸಾರ್, ಕರೆಂಟು ಯಾವಾಗ ಬರುತ್ತೆ ಸಾರ್?" ಎಂದು ಕೇಳುತ್ತಿದ್ದರು. ಅವಳು ತಿದ್ದುವ ಗೋಜಿಗೆ ಹೋಗುತ್ತಿರಲಿಲ್ಲ. "ಮೇಡಂ ಆಗಿದ್ದಾಗ ಬಯ್ತಿದ್ರು ಕಣೋ, ಸಾರ್ ಆದ್ಮೇಲೆ ಮರ್ಯಾದೆ ಕೊಡ್ತಾರೆ," ಎಂದು ತಮ್ಮನ ಮುಂದೆ ನಕ್ಕಿದ್ದಳು.

ಮಂಚ ಕುರ್ಚಿ ಮಾರುವ ಅಂಗಡಿಯ ಮೇಲೊಂದು ಹಾಲ್ ಇದೆ. ಭಾನುವಾರ ಮಧ್ಯಾಹ್ನ ಜಾಝ್ ಕೇಳುವ ನಲವತ್ತೈವತ್ತು ಜನ ಅಲ್ಲಿ ಸೇರುತ್ತಾರೆ. ಅವರಿಗಾಗಿ ಅಕ್ಕ ಹಾಡುತ್ತಿದ್ದಳು, ತಮ್ಮ ಗಿಟಾರ್ ನುಡಿಸುತ್ತಿದ್ದ, ಜೊತೆಗೆ ಪಿಯಾನೋದವನೊಬ್ಬನಿದ್ದ. ಅಕ್ಕ ಆಸ್ಪತ್ರೆ ಸೇರಿದ ಹೊತ್ತಿಗೇ ಅವನಿಗೆ ಯಾವುದೋ ಹಡಗಿನಲ್ಲಿ ನುಡಿಸುವ ಕೆಲಸ ಸಿಕ್ಕಿ ಊರು ಬಿಟ್ಟ. ಈಗ ಉಳಿದದ್ದು ಒಂದು ಗಂಟಲು, ಒಂದು ಗಿಟಾರು, ಅದರಲ್ಲಿ ಗಂಟಲಿನ ಗತಿ ಹೀಗೆ.

"ಈ ಭಾನುವಾರ ನಿಂತು ನೋಡ್ತೀನಿ," ಎಂದಳು ಅಕ್ಕ. "ಆಗ್ಲಿಲ್ವಾ, ಅಲ್ಲಿಗೆ ಮುಗೀತು. ಆಮೇಲೆ ಹಾಡು ಅಂತ ನೀನೂ ಕೇಳ್ಬಾರ್ದು, ನಾನೂ ಬಾಯಿ ಬಿಡಲ್ಲ."

ಬೇರೆ ಯಾರಾದರೂ ಆಗಿದ್ದರೆ ಬೇಸರಕ್ಕೆ ಆಡಿದ ಮಾತು ಎಂದುಕೊಳ್ಳಬಹುದಿತ್ತು. ಅಕ್ಕನ ಬಾಯಿಂದ ಬೇಸರದ ಮಾತು ಬರುವುದಿಲ್ಲ, ತೀರ್ಮಾನಗಳು ಬರುತ್ತವೆ. ಒಮ್ಮೆ ಯಾವುದೋ ಸಿಟ್ಟಿಗೆ ಚಹಾಕ್ಕೆ ಸಕ್ಕರೆ ಬೇಡ ಎಂದವಳು ಇವತ್ತಿನವರೆಗೆ ಸಕ್ಕರೆ ಮುಟ್ಟಿಲ್ಲ. ಗಂಡನ ಮನೆ ಬಿಟ್ಟು ಬರುತ್ತೇನೆ ಎಂದವಳು ಒಂದು ಪೆಟ್ಟಿಗೆ ಹಿಡಿದು ಬಂದೇಬಿಟ್ಟಿದ್ದಳು. ಆಗ ಅವಳು ಕುಸಿಯದಂತೆ ಹಿಡಿದದ್ದು ಹಾಡು. ಅದೂ ಹೋದರೆ ಅಕ್ಕನಲ್ಲಿ ಏನು ಉಳಿಯುತ್ತದೆ ಎಂದು ಯೋಚಿಸಲು ತಮ್ಮನಿಗೆ ಧೈರ್ಯ ಸಾಲಲಿಲ್ಲ.

"ಅತ್ತೆ ಹತ್ರ ಹೋಗೋಣ," ಎಂದ.

"ಬಯ್ಸಿಕೊಳ್ಳೋಕೆ ನಿನಗೆ ಬೇರೆ ಯಾರೂ ಸಿಗ್ಲಿಲ್ವಾ?" ಎಂದಳು ಅಕ್ಕ. ಆದರೆ ಎದ್ದು ಚಪ್ಪಲಿ ಹುಡುಕಿದಳು.

ಅತ್ತೆ ಎಂದರೆ ಅಪ್ಪನ ತಂಗಿ. ಅಪ್ಪ ಗಿಟಾರ್ ನುಡಿಸುತ್ತಿದ್ದ ಡಾನ್ಸ್ ಹಾಲಿನ ಬ್ಯಾಂಡಿನಲ್ಲಿ ಪಿಯಾನೋ ಅವರದ್ದು. ಅಣ್ಣನ ಜೊತೆ ಜಗಳವಾಡಿಕೊಂಡು ಬ್ಯಾಂಡು ಬಿಟ್ಟರು. ಜಗಳ ಏಕಾಯಿತೆಂದು ಮನೆಯಲ್ಲಿ ಯಾರೂ ಮಕ್ಕಳಿಗೆ ಹೇಳಿರಲಿಲ್ಲ. ಅಪ್ಪ ತೀರಿಕೊಂಡ ಮೇಲೂ ಆ ವಿಷಯ ಹಾಗೇ ಉಳಿದಿತ್ತು. ಎರಡು ಬೀದಿಯಾಚೆ ಮೂರನೆಯ ಮಹಡಿಯಲ್ಲಿ ಅವರ ವಾಸ. ಬೆರಳ ಗಿಣ್ಣುಗಳು ಊದಿಕೊಂಡು ಪಿಯಾನೋ ಮುಟ್ಟುವುದು ನಿಂತು ಕಾಲವಾಗಿತ್ತು. ಅದರ ಮುಚ್ಚಳದ ಮೇಲೆ ಔಷಧಿ ಸೀಸೆಗಳು, ಇಸ್ತ್ರಿ ಪೆಟ್ಟಿಗೆ ಮತ್ತು ಒಂದು ಜೊತೆ ಒದ್ದೆ ಕಾಲುಚೀಲ ಇದ್ದವು.

"ಬನ್ನಿ ಬನ್ನಿ. ಸಾಯೋಕೆ ಮುಂಚೆ ನೆನಪಾಯ್ತಲ್ಲ," ಎಂದರು ಅತ್ತೆ.

"ಯಾರು ಸಾಯೋಕೆ ಮುಂಚೆ ಅತ್ತೆ?" ಎಂದಳು ಅಕ್ಕ.

"ಯಾರಾದ್ರೂ ಸರಿ. ಕೂತ್ಕೊಳ್ಳಿ."

ತಮ್ಮ ಬಂದ ಕಾರಣ ಹೇಳಿದ. ಅತ್ತೆ ಒಂದು ಸಲ ಪೂರ್ತಿ ಹಾಡಿಸಿದರು, ಕಣ್ಣು ಮುಚ್ಚಿಕೊಂಡು ಕೇಳಿದರು. ಅದೇ ಜಾಗದಲ್ಲಿ ಅಕ್ಕನ ದನಿ ಒಡೆದಾಗ ಕಣ್ಣು ತೆರೆದರೇ ಹೊರತು ಅಯ್ಯೋ ಪಾಪ ಎಂದೇನೂ ಅನ್ನಲಿಲ್ಲ. ಆಮೇಲೆ ಕೊನೆಯ ಸಾಲನ್ನು ಗಿಟಾರಿನಲ್ಲಿ ಮಾತ್ರ ನುಡಿಸು ಎಂದರು.

ತಮ್ಮ ನುಡಿಸಿದ, ಅಪ್ಪ ಕಲಿಸಿದ ಹಾಗೆ. ಗಿಟಾರಿನ ಕತ್ತಿನ ಮೇಲೆ ಲೋಹದ ಪಟ್ಟಿಗಳ ನಡುವಿನ ಜಾಗಗಳನ್ನು ಅವರ ಮನೆಯಲ್ಲಿ "ಮನೆ" ಎನ್ನುತ್ತಿದ್ದರು, ಆಟದ ಹಾಸಿನ ಮೇಲೆ ಎಣಿಸುವ ಹಾಗೆ. ಕಾರ್ಡ್ ಎಂದರೆ ಒಟ್ಟಿಗೆ ನುಡಿಯುವ ಕೆಲವು ಸ್ವರಗಳ ಗುಂಪು. ಆ ಗುಂಪಿನ ಯಜಮಾನ ಸ್ವರ ದಪ್ಪ ತಂತಿಯ ಯಾವ ಮನೆಯಲ್ಲಿದೆಯೋ ಅಲ್ಲಿಗೆ ಇಡೀ ಕೈ ಹೋಗಬೇಕು, ಆರೂ ತಂತಿ ಬಾರಿಸಬೇಕು. ಇದು ಅಪ್ಪನ ಶಾಸ್ತ್ರ. ಹಾಡಿನ ಕೊನೆಯಲ್ಲಿ ತಮ್ಮನ ಕೈ ಹತ್ತನೆಯ ಮನೆಯಿಂದ ಮೂರಕ್ಕೆ ನೆಗೆದು, ಅಲ್ಲಿಂದ ಎಂಟಕ್ಕೆ ಹಾರಿತು. ಹಾರುವಾಗೆಲ್ಲ ತಂತಿಗಳು ಕೀಂಯ್ ಎಂದವು. ಆ ಸದ್ದೇ ಕಸುಬುದಾರನ ಗುರುತು ಎಂದು ಅವನು ಚಿಕ್ಕಂದಿನಿಂದ ನಂಬಿದ್ದ.

"ಥೇಟ್ ನಮ್ಮಣ್ಣ," ಎಂದರು ಅತ್ತೆ. ಹೊಗಳಿಕೆಯೋ ತೆಗಳಿಕೆಯೋ ಮುಖ ನೋಡಿ ಹೇಳುವಂತಿರಲಿಲ್ಲ. ಅಕ್ಕನ ಕಡೆ ತಿರುಗಿದರು. "ನೀನು ಹಾಡುವಾಗ ಯಾರ ಹಿಂದೆ ಓಡ್ತಿದ್ದೀಯೇ?"

"ಯಾರ ಹಿಂದೆ ಅಂದ್ರೆ?"

"ಇವನ ಸಣ್ಣ ತಂತಿ ಹಿಂದೆ. ಹಾಡೋಳು ಎಲ್ಲ ವಾದ್ಯದ ತಲೆ ಮೇಲಿರಬೇಕು ಅಂತ ನಮ್ಮಣ್ಣ ನಿನ್ನ ಕಿವಿಗೆ ಊದಿದ್ದ. ಇರ್ತಿದ್ದೆ, ಆಗ ದನಿ ಇತ್ತು. ಈಗ ನೀನು ಕೆಳಗಿದ್ದೀಯ, ಇವನು ಮೇಲೆ ಮೇಲೆ ಹಾರ್ತಾನೆ. ಇವನು ಹಾರಿದಾಗೆಲ್ಲ ನಿನ್ನ ಗಂಟಲು ಏಣಿ ಹುಡುಕುತ್ತೆ. ಹೊಲಿಗೆ ಹಾಕಿದ ಗಂಟಲು, ಎಲ್ಲಿಂದ ತರುತ್ತೆ ಏಣಿ?"

ಅಕ್ಕ ಕತ್ತಿನ ಗೆರೆ ಮುಟ್ಟಿಕೊಂಡಳು. ಅವಳು ಇಷ್ಟು ದಿನ ದನಿ ಸತ್ತಿದೆ ಎಂದುಕೊಂಡಿದ್ದಳು. ಅದು ತಪ್ಪು ದಾರಿಯಲ್ಲಿ ಓಡಿ ಸುಸ್ತಾಗಿದೆ ಎಂದು ಯಾರೂ ಹೇಳಿರಲಿಲ್ಲ.

"ದಪ್ಪ ತಂತಿ ಎರಡೂ ಬಿಡು," ಎಂದರು ಅತ್ತೆ ತಮ್ಮನಿಗೆ. ಬಿಟ್ಟ. "ಸಣ್ಣವು ಎರಡೂ ಬಿಡು." ತಮ್ಮನಿಗೆ ನಡುಬೀದಿಯಲ್ಲಿ ಅಂಗಿ ಬಿಚ್ಚಿಸಿದಂತಾಯಿತು. ಉಳಿದದ್ದು ನಡುವಿನ ಎರಡು ತಂತಿ. "ಮೊದಲನೇ ಕಾರ್ಡಿನಲ್ಲಿ ಬಹಳ ಮುಖ್ಯ ಅನ್ನೋ ಎರಡು ಸ್ವರ ಮಾತ್ರ ಹಿಡಿ. ಯಜಮಾನ ಬೇಡ. ಅವನು ಬಂದೇ ಬರ್ತಾನೆ ಅಂತ ಎಲ್ಲರಿಗೂ ಗೊತ್ತು. ಮನೆ ನಡೆಸೋರು ಬೇರೆ ಇರ್ತಾರೆ, ಅವರನ್ನ ಹಿಡಿ."

ತಮ್ಮ ಹುಡುಕಿ ಹಿಡಿದ: ಒಂದು ತಂತಿಯ ಮೂರನೆಯ ಮನೆ, ಪಕ್ಕದ ತಂತಿಯ ಐದನೆಯ ಮನೆ.

"ಈಗ ಎರಡನೇ ಕಾರ್ಡು. ಹಾರಬೇಡ. ನಿಲ್ಲೋಕೆ ಆಗೋ ಬೆರಳು ನಿಂತಿರಲಿ. ಆಗದೇ ಇರೋದು ಪಕ್ಕದ ಮನೆಗೆ ಮಾತ್ರ ಹೋಗಲಿ."

ತಮ್ಮ ನಗಬೇಕೆಂದುಕೊಂಡ. ಹತ್ತರಿಂದ ಮೂರಕ್ಕೆ ಹೋಗುವ ದಾರಿ ಪಕ್ಕದ ಮನೆಯಲ್ಲಿ ಹೇಗಿರಲು ಸಾಧ್ಯ? ಆದರೂ ಲೆಕ್ಕ ಹಾಕಿದ. ಮೂರನೆಯ ಮನೆಯಲ್ಲಿದ್ದ ಸ್ವರ ಎರಡನೆಯ ಕಾರ್ಡಿಗೂ ಸೇರಿದ್ದೇ. ಐದನೆಯ ಮನೆಯದ್ದು ನಾಲ್ಕಕ್ಕೆ ಇಳಿದರೆ ಸಾಕು. ಒಂದು ಬೆರಳನ್ನು ನಿಂತಲ್ಲೇ ನಿಲ್ಲಿಸಿ ಇನ್ನೊಂದನ್ನು ಒಂದು ಮನೆ ಹಿಂದಕ್ಕೆ ಜಾರಿಸಿದ.

ಕೋಣೆಯ ಬೆಳಕೇ ಬದಲಾದಂತಾಯಿತು. ಅವನು ಏನೂ ಮಾಡಿರಲಿಲ್ಲ, ಬೆರಳಿನ ಅಗಲದಷ್ಟು ಸರಿದಿದ್ದ, ಅಷ್ಟೇ. ಇಡೀ ಕಾರ್ಡು ಬದಲಾಗಿತ್ತು. ಉಸಿರು ಬಿಡದೆ ಮೂರನೆಯ ಕಾರ್ಡಿಗೆ ದಾರಿ ನೋಡಿದ. ಈ ಸಲ ಸರಿದಿದ್ದ ಬೆರಳು ನಿಲ್ಲಬಹುದಿತ್ತು, ನಿಂತಿದ್ದ ಬೆರಳು ಒಂದೇ ಒಂದು ಮನೆ ಇಳಿಯಬೇಕಿತ್ತು. ಇಳಿಸಿದ. ಹಾಡು ಮನೆಗೆ ಬಂತು. ಕೀಂಯ್ ಎನ್ನಲಿಲ್ಲ, ಹಾರಲಿಲ್ಲ, ಯಾರೋ ಕುರ್ಚಿಯಿಂದ ಎದ್ದು ಪಕ್ಕದ ಕುರ್ಚಿಯಲ್ಲಿ ಕೂತಷ್ಟು ಸಲೀಸಾಗಿ ಬಂತು.

ಮತ್ತೆ ನುಡಿಸಿದ. ಇನ್ನೊಂದು ಹಾಡಿನ ಕಾರ್ಡುಗಳನ್ನು ನೋಡಿದ, ಅಲ್ಲೂ ಹಾಗೆಯೇ. ಒಂದು ನಿಲ್ಲುತ್ತದೆ, ಒಂದು ಸರಿಯುತ್ತದೆ. ಸರಿದದ್ದು ನಿಲ್ಲುತ್ತದೆ, ನಿಂತದ್ದು ಸರಿಯುತ್ತದೆ. ಮೂರನೆಯ ತಂತಿಯೊಂದನ್ನು ಸೇರಿಸಿಕೊಂಡ, ಅದಕ್ಕೂ ಪಕ್ಕದಲ್ಲೇ ಜಾಗವಿತ್ತು. ಮೇಲಿನ ಮನೆಗಳಿಂದ ಶುರುಮಾಡಿ ಕೆಳಗಿನವರೆಗೂ, ಒಂದು ಕಡೆಯೂ ಕೈ ಎತ್ತದೆ ಇಳಿದು ಬಂದ. ಇಷ್ಟು ವರ್ಷ ಗಿಟಾರಿನ ಕತ್ತಿನ ಮೇಲೆ ದೂರ ದೂರದ ಊರುಗಳಿವೆ, ತಾನು ಬಸ್ಸು ಹಿಡಿದು ಓಡಾಡುತ್ತಿದ್ದೇನೆ ಎಂದುಕೊಂಡಿದ್ದ. ಅವೆಲ್ಲ ಒಂದೇ ಸಾಲಿನ, ಗೋಡೆಗೆ ಗೋಡೆ ತಾಗಿದ ಮನೆಗಳು. ಇದನ್ನು ಯಾರು ಹೀಗೆ ಕಟ್ಟಿಟ್ಟರು ಎಂದು ಅವನಿಗೆ ಭಯದಂಥದ್ದೇ ಒಂದು ಬೆರಗಾಯಿತು. ಕಣ್ಣು ತುಂಬಿ ಬಂದದ್ದನ್ನು ಮರೆಮಾಡಲು ತಂತಿ ಬಿಗಿಮಾಡುವವನಂತೆ ತಲೆ ತಗ್ಗಿಸಿದ.

"ಇದನ್ನ ಹೇಳೋಕೆ ಹೋಗೇ ನಮ್ಮಣ್ಣನ ಹತ್ರ ಜಗಳ ಆಗಿದ್ದು," ಎಂದರು ಅತ್ತೆ. "ಕೇಳಿಸ್ಬೇಕಲ್ಲ ತಂಗಿ, ಅಂದ ಅವನು. ಮೈಕಿಲ್ಲ, ಅಷ್ಟು ಜನ ಬೂಟು ಹಾಕ್ಕೊಂಡು ಕುಣೀತಾರೆ, ಕೇಳಿಸ್ಬೇಕಲ್ಲ ಅಂದ. ಅವನದ್ದೂ ತಪ್ಪಿರಲಿಲ್ಲ. ನಾನೇ ಸೊಕ್ಕಿನಲ್ಲಿ ಎದ್ದು ಬಂದೆ." ಊದಿದ ಬೆರಳುಗಳನ್ನು ನೋಡಿಕೊಂಡರು. "ನೀನು ನುಡಿಸೋದು ಯಾರಿಗೆ ಕೇಳಿಸ್ಬೇಕೋ? ಪಕ್ಕದಲ್ಲಿ ನಿಂತಿರೋ ಅಕ್ಕನಿಗೆ ತಾನೆ?"

ಆಮೇಲೆ ಅಕ್ಕನಿಗೆ, ಗಂಟಲಿಗೆ ನೋವಾಗದೆ ಬರುವ ಒಂದು ಸ್ವರ ಹಿಡಿ ಎಂದರು. ಯಾವುದಾದರೂ ಸರಿ, ಒಂದೇ ಒಂದು. ಅಕ್ಕ ಹಿಂಜರಿಯುತ್ತ ತಗ್ಗಿನಲ್ಲಿ ಒಂದು ಸ್ವರ ಗುನುಗಿದಳು. ಫೋನಿನವರು ಸಾರ್ ಎನ್ನುತ್ತಿದ್ದ ದನಿ ಅದು. ತಮ್ಮ ಆ ಸ್ವರ ಇರುವ ಕಾರ್ಡೊಂದನ್ನು ಅದರ ಕೆಳಗೆ ಇಟ್ಟ. ಒಂದು ಬೆರಳು ಸರಿಸಿ ಬೇರೆ ಕಾರ್ಡಿಗೆ ಹೋದ, ಅದರಲ್ಲೂ ಆ ಸ್ವರವಿತ್ತು. ಮತ್ತೊಂದಕ್ಕೆ ಹೋದ. ಅಕ್ಕ ಅಲ್ಲಾಡಲಿಲ್ಲ, ಅವಳು ಹಿಡಿದದ್ದು ಅದೇ ಸ್ವರ. ಆದರೆ ಮೊದಲು ಅದು ಬಾಗಿಲ ಬಳಿ ಸುಮ್ಮನೆ ನಿಂತವಳ ದನಿಯಾಗಿತ್ತು. ಆಮೇಲೆ ಏನನ್ನೋ ಕಳೆದುಕೊಂಡು ಹುಡುಕುವವಳದ್ದಾಯಿತು. ಇನ್ನೊಮ್ಮೆ ಬೆರಳು ಸರಿದಾಗ ಹುಡುಕಿದ್ದು ಸಿಕ್ಕಿತು. ಅಕ್ಕನ ಹುಬ್ಬು ಮೇಲೇರಿತು. ಉಸಿರು ಮುಗಿಯುವವರೆಗೆ ಹಿಡಿದಳು, ಮತ್ತೆ ಉಸಿರೆಳೆದು ಹಿಡಿದಳು.

"ನಾನೇನೂ ಮಾಡ್ಲಿಲ್ಲ ಕಣೋ," ಎಂದಳು ಕೊನೆಗೆ, ಕಳ್ಳತನದ ಆರೋಪ ಬಂದವಳ ಹಾಗೆ.

"ಮಾಡ್ಬೇಡ. ಇರು, ಅಷ್ಟೇ," ಎಂದರು ಅತ್ತೆ. ಆಮೇಲೆ ಕಾಲುಚೀಲ ಒಣಗಿತೇ ಎಂದು ಹಿಂಡಿ ನೋಡಿದರು.

ಆ ವಾರವೆಲ್ಲ ತಮ್ಮ ಅಂಗಡಿಯಲ್ಲಿ ಇದ್ದೂ ಇಲ್ಲದವನಾಗಿದ್ದ. ಗಿರಾಕಿಗಳಿಗೆ ಫ್ರೇಮು ತೋರಿಸುವಾಗ ಎಡಗೈ ಬೆರಳುಗಳು ಗಾಜಿನ ಮೇಜಿನ ಅಂಚಿನಲ್ಲಿ ಪಕ್ಕದ ಮನೆಗೆ ಸರಿಯುತ್ತಿದ್ದವು. ಹತ್ತಿರ ನೋಡುವ ಕನ್ನಡಕ ಕೇಳಿದವರೊಬ್ಬರಿಗೆ ದೂರದ್ದನ್ನು ಕೊಟ್ಟ. ಅವರು ಅದನ್ನು ಹಾಕಿಕೊಂಡು ಬಾಗಿಲವರೆಗೂ ಹೋಗಿ, "ಬೀದಿ ಚೆನ್ನಾಗಿ ಕಾಣುತ್ತೆ, ಪೇಪರ್ ಯಾರು ಓದ್ತಾರೆ?" ಎಂದು ವಾಪಸು ಬಂದರು. ಮನೆಯಲ್ಲಿ ಊಟ ಮಾಡುವಾಗ ಹೆಂಡತಿ ಅವನ ಕೈಯನ್ನೇ ನೋಡಿ, "ಕೈಗೆ ಏನಾಗಿದೆ, ಡಾಕ್ಟರ್ ಹತ್ರ ಹೋಗ್ಬಾರ್ದಾ?" ಎಂದಳು. ಅವನಿಗೆ ವಿವರಿಸಬೇಕೆನಿಸಿತು, ಹೇಗೆಂದು ತಿಳಿಯಲಿಲ್ಲ. ಇಡೀ ಜಗತ್ತು ಇಷ್ಟು ಹತ್ತಿರ ಹತ್ತಿರ ಇದೆ ಎಂದು ಊಟದ ತಟ್ಟೆಯ ಮುಂದೆ ಹೇಳಿದರೆ ಅವಳು ಖಂಡಿತ ಡಾಕ್ಟರಿಗೆ ಫೋನು ಮಾಡುತ್ತಿದ್ದಳು.

ಕೈ ಪಳಗುತ್ತ ಬಂತು. ಅಕ್ಕ ಮಾತ್ರ ಆ ಒಂದು ಜಾಗದಲ್ಲಿ ಪಳಗಲಿಲ್ಲ. ಹಾಡಿನ ಉಳಿದದ್ದೆಲ್ಲ ಈಗ ಅವಳ ತಗ್ಗಿನ ದನಿಯಲ್ಲಿ ಹಿಂದೆಂದೂ ಇಲ್ಲದಷ್ಟು ಚೆನ್ನಾಗಿ ಬರುತ್ತಿತ್ತು. ಕೊನೆಯ ಸಾಲಿನಲ್ಲಿ ಮೇಲೆ ಹೋಗದೆ ಇದ್ದಲ್ಲೇ ನಿಂತು, ಕೊನೆಗೆ ಒಂದು ಮನೆ ಕೆಳಗೆ ಇಳಿದು ಮುಗಿಸು, ಮಿಕ್ಕದ್ದನ್ನು ನಾನು ಕೆಳಗಿನಿಂದ ನೋಡಿಕೊಳ್ಳುತ್ತೇನೆ ಎಂದು ತಮ್ಮ ಬೇಡಿಕೊಂಡ. ಶನಿವಾರ ಸಂಜೆಯೂ ಅವಳು ಮೇಲಕ್ಕೆ ಹೋದಳು, ಬಿದ್ದಳು.

"ಅಲ್ಲಿಗೆ ಹೋಗದೇ ಇದ್ರೆ ಮೋಸ ಅನ್ಸುತ್ತೆ ಕಣೋ," ಎಂದಳು. "ಹಾಡು ಅಲ್ಲಿಗೆ ಹೋಗುತ್ತೆ. ನನಗೆ ಆಗಲ್ಲ ಅಂತ ಹಾಡನ್ನ ಕುಂಟಿಸ್ಲಾ?"

"ಕುಂಟಲ್ಲ ಅಕ್ಕ. ನನ್ನ ನಂಬು."

"ನಿನ್ನ ನಂಬ್ತೀನಿ. ನನ್ನ ಗಂಟಲನ್ನ ನಂಬಲ್ಲ." ಅಷ್ಟು ಹೇಳಿ ಮನೆಗೆ ಹೋದಳು.

ಭಾನುವಾರ ಹಾಲ್ ಎಂದಿಗಿಂತ ತುಂಬಿತ್ತು. ಆಪರೇಷನ್ನಿನ ಸುದ್ದಿ ಎಲ್ಲರಿಗೂ ತಿಳಿದಿತ್ತು. ಕೆಲವರು ಪ್ರೀತಿಗೆ ಬಂದಿದ್ದರು, ಕೆಲವರು ಏನಾಗುತ್ತದೋ ನೋಡೋಣ ಎಂದು ಬಂದಿದ್ದರು. ಯಾವ ಮುಖ ಯಾವುದಕ್ಕೆ ಬಂದದ್ದೆಂದು ಅಕ್ಕನಿಗೆ ತಕ್ಷಣ ಗೊತ್ತಾಯಿತು. ಅತ್ತೆ ಒಂದೊಂದು ಮೆಟ್ಟಿಲಿಗೂ ಕಟ್ಟಿಸಿದವರನ್ನು ಬಯ್ಯುತ್ತ ಹತ್ತಿ ಬಂದು ಮುಂದಿನ ಸಾಲಿನಲ್ಲಿ ಕೂತರು. ಮುಂಚೆ ಪಿಯಾನೋದವನು ಕೂರುತ್ತಿದ್ದ ಕಡೆ ಈಗ ಮಡಚಿದ ಕುರ್ಚಿಗಳನ್ನು ಪೇರಿಸಿದ್ದರು.

ಎರಡು ಹಾಡು ಆಯಿತು. ಜನ ಚಪ್ಪಾಳೆ ತಟ್ಟಿದರು, ಕಾಯಿಲೆಯಿಂದ ಎದ್ದವರಿಗೆ ತಟ್ಟುವ ಹಾಗೆ. ಅಕ್ಕನಿಗೆ ಅದು ಇಷ್ಟವಾಗಲಿಲ್ಲ. ತಮ್ಮನ ಕಡೆ ನೋಡಿ, "ನಿಧಾನದ್ದು," ಎಂದಳು.

ಅವನು ಶುರುಮಾಡಿದ. ನಡುವಿನ ಮೂರೇ ತಂತಿ. ಹಾಲಿನ ಹಿಂದಿನ ಸಾಲಿನವರು ಕೇಳಲು ಮುಂದಕ್ಕೆ ಬಾಗಬೇಕಾಯಿತು. ಅಕ್ಕ ದನಿ ಸೇರಿಸಿದಳು. ಗಿಟಾರಿನ ಸ್ವರಗಳು ಅವಳ ದನಿಯ ಕೆಳಗೆ, ಅವಳನ್ನು ಮುಟ್ಟುವಷ್ಟು ಹತ್ತಿರದಲ್ಲಿ ಸರಿಯುತ್ತಿದ್ದವು. ಅವಳು ಎಲ್ಲಿ ಕಾಲಿಟ್ಟರೂ ಅಲ್ಲಿ ನೆಲವಿತ್ತು. ಹಾಡು ಕೊನೆಯ ಸಾಲಿಗೆ ತಿರುಗಿತು. ತಮ್ಮ ಅವಳ ಕಡೆ ನೋಡಲಿಲ್ಲ. ನೋಡಿದರೆ ಕೈ ಹತ್ತನೆಯ ಮನೆಗೆ ಓಡುತ್ತದೆ ಎಂದು ಭಯವಾಯಿತು.

ಅಕ್ಕ ಮೇಲಕ್ಕೆ ಹೋಗಲಿಲ್ಲ.

ಇದ್ದಲ್ಲೇ ನಿಂತಳು. ಮೇಲಿನ ಸ್ವರಕ್ಕೆ ಹೋಗಬೇಕಿದ್ದ ಹಾಡಿನ ಪದ ಅದೇ ತಗ್ಗಿನ ಸ್ವರದಲ್ಲಿ, ಅಗಲವಾಗಿ, ಸ್ವಲ್ಪವೂ ನಡುಗದೆ ನಿಂತಿತು. ತಮ್ಮ ಒಂದು ಬೆರಳು ಸರಿಸಿದ. ಅವಳ ಸ್ವರ ಬಣ್ಣ ತಿರುಗಿತು. ಇನ್ನೊಂದು ಸರಿಸಿದ, ಮತ್ತೆ ತಿರುಗಿತು. ಮೇಲಕ್ಕೆ ಹೋಗಬೇಕಾಗಿದ್ದ ಎಲ್ಲವೂ ಆ ಒಂದೇ ಸ್ವರದೊಳಗೆ ಬರುತ್ತಿತ್ತು, ಹೋಗುತ್ತಿತ್ತು. ತಾನು ನುಡಿಸುತ್ತಿದ್ದೇನೆ ಎಂಬುದು ತಮ್ಮನಿಗೇ ಮರೆತುಹೋಯಿತು. ಮೂರನೆಯ ಸಲ ಸರಿಸಿ, ಕೊನೆಯದಕ್ಕಿಂತ ಮುಂಚಿನ ಕಾರ್ಡಿಗೆ ಬಂದ. ಅದು ಹೊಸಿಲ ಮೇಲೆ ಒಂದು ಕಾಲಿಟ್ಟು ನಿಲ್ಲುವಂಥ ಕಾರ್ಡು, ಒಳಗೆ ಬರಲೇಬೇಕು. ಅಕ್ಕನ ಸ್ವರ ಅದರ ಮೇಲೆ ನಿಂತಿತ್ತು. ಅಷ್ಟು ಹತ್ತಿರದಲ್ಲಿ ಅಷ್ಟು ದೊಡ್ಡದಾದದ್ದನ್ನು ಅವನು ಎಂದೂ ಕೇಳಿರಲಿಲ್ಲ. ಬಾಯಿ ಸ್ವಲ್ಪ ತೆರೆದು ಕೇಳುತ್ತ ಕೂತ. ಕೊನೆಯ ಕಾರ್ಡು ನುಡಿಸಬೇಕಾದ ಗಳಿಗೆ ಬಂತು, ಅವನು ನುಡಿಸಲಿಲ್ಲ.

ಮುಂದಿನ ಸಾಲಿನಲ್ಲಿ ಅತ್ತೆಯ ಊದಿದ ಬೆರಳುಗಳು ಮಡಿಲಿನ ಮೇಲೆ ಕದಲಿದವು.

ತಂತಿಗಳ ಸದ್ದು ಕರಗುತ್ತ ಕರಗುತ್ತ ಇಲ್ಲವಾಯಿತು. ಹಾಲಿನಲ್ಲಿ ಅಕ್ಕನ ದನಿ ಒಂದೇ ಉಳಿಯಿತು. ಅವಳು ತಮ್ಮನ ಕಡೆ ನೋಡಿದಳು, ಅವನ ಮುಖ ಕಂಡಳು, ಕಾಯಲಿಲ್ಲ. ಯಾರ ಹಿಂದೆಯೂ ಓಡದೆ, ಯಾರೂ ಕೈ ಹಿಡಿಯದೆ, ಒಂದು ಮನೆಯಷ್ಟು ಕೆಳಗೆ ತಾನೇ ಇಳಿದು ನಿಂತಳು. ಯಾರೂ ನುಡಿಸದ ಆ ಕೊನೆಯ ಕಾರ್ಡು ಹಾಲಿನ ತುಂಬ ಕೇಳಿಸಿತು.